ಸೇಬು ಹೊರಗೆ ಚೆನ್ನಾಗಿದ್ದು ಒಳಗೆ ಕಂದಾಗಿದ್ರೆ: ಕಾರಣ ಹಿಡಿಯೋದರಿಂದ ಕೋಲ್ಡ್ ರೂಮ್ ಸರಿಮಾಡೋವರೆಗೆ

ಹೊರಗಡೆ ಕೆಂಪಗೆ ಮಿಂಚ್ತಾ ಇರತ್ತೆ, ಗೀರಿಲ್ಲ ತೂತಿಲ್ಲ, ಕೊಯ್ದ್ರೆ ಒಳಗೆ ಕಂದು. ಹಣ್ಣಿನಂಗಡಿಯವರು, ಸೀಸನ್‌ನಲ್ಲಿ ಇಡೀ ಬಾಕ್ಸ್ ತಂದು ಅಕ್ಕಪಕ್ಕದ ಮನೆಯೋರ ಜೊತೆ ಹಂಚ್ಕೊಳ್ಳೋರು, ಸಣ್ಣ ಕೋಲ್ಡ್ ರೂಮ್ ಹಾಕಿಸ್ಕೊಂಡಿರೋರು ಎಲ್ಲರೂ ಎಡವೋದು ಒಂದೇ ಕಡೆ. ಕಂದು ಕಂಡ ತಕ್ಷಣ "ಕೆಡ್ತಾ ಇದೆ, ಇನ್ನೂ ತಣ್ಣಗೆ ಇಡೋಣ" ಅಂತ ಟೆಂಪರೇಚರ್ ಇಳಿಸಿಬಿಡ್ತಾರೆ. ಒಂದು ಥರದ ಕಂದಿಗೆ ಅದು ಮದ್ದು ಹೌದು, ಆದ್ರೆ ಇನ್ನು ಕೆಲವಕ್ಕೆ ಆ ತಣ್ಣನೇ ಕಾಯಿಲೆ, ಇಳಿಸಿದಷ್ಟೂ ಜಾಸ್ತಿ ಆಗತ್ತೆ. ಅದಕ್ಕೇ ಮೊದಲು ಯಾವ ಕಂದು ಅಂತ ಗೊತ್ತಾಗ್ಬೇಕು, ಥರ್ಮೋಸ್ಟಾಟ್ ಮುಟ್ಟೋದು ಆಮೇಲೆ. ಕೆಳಗಿನ ಹಂತಗಳನ್ನ ಹಿಂದೆ ಮುಂದೆ ಮಾಡ್ಬೇಡಿ.

ಒಳಗೆ ಆಗೋದು ಇಷ್ಟು: ಸೇಬಿನ ಜೀವಕೋಶದಲ್ಲಿ ಬಣ್ಣ ಕೊಡೋ ಫಿನಾಲ್‌ಗಳು ಒಂದು ಕಡೆ, ಅವನ್ನ ಕಂದು ಮಾಡೋ ಕಿಣ್ವ ಇನ್ನೊಂದು ಕಡೆ ಇರತ್ತೆ, ಮಧ್ಯೆ ತೆಳು ಪೊರೆ. ವಯಸ್ಸಾಗಿಯೋ, ಅತಿ ತಣ್ಣಗಾಗಿಯೋ, ಗಾಳಿ ಕೆಟ್ಟೋ, ಪೆಟ್ಟು ಬಿದ್ದೋ ಆ ಪೊರೆ ಒಡೆದ್ರೆ ಎರಡೂ ಸೇರಿ ಕಂದಾಗತ್ತೆ. ಬಣ್ಣ ಎಲ್ಲದಕ್ಕೂ ಹೆಚ್ಚುಕಮ್ಮಿ ಒಂದೇ, ಹಾಗಾಗಿ ಬಣ್ಣ ನೋಡಿ ಏನೂ ಹೇಳಕ್ಕಾಗಲ್ಲ. ಕಂದು ಎಲ್ಲಿ ಶುರುವಾಗಿದೆ, ಯಾವ ಆಕಾರದಲ್ಲಿದೆ ಅನ್ನೋದೇ ಸುಳಿವು.

## ಮೊದಲು ಇವನ್ನ ಹತ್ತಿರ ಇಟ್ಕೊಳ್ಳಿ

ತೆಳು ಅಲಗಿನ ಹರಿತವಾದ ಚಾಕು (ಗರಗಸದ ಹಲ್ಲಿನ ಬ್ರೆಡ್ ಚಾಕು ಬೇಡ, ಅದು ತಿರುಳನ್ನ ಹರಿದು ಇಲ್ಲದ ಕಂದು ಹುಟ್ಟಿಸತ್ತೆ), ಬಿಳಿ ತಟ್ಟೆ ಅಥವಾ ಪೇಪರ್, ಮಾರ್ಕರ್, ಫೋನ್ ಕ್ಯಾಮೆರಾ, ಮೊನೆ ಇರೋ ಡಿಜಿಟಲ್ ಥರ್ಮಾಮೀಟರ್.

ಥರ್ಮಾಮೀಟರ್ ತಂದ ದಿನವೇ ಚೆಕ್ ಮಾಡ್ಕೊಳ್ಳಿ. ಲೋಟದ ತುಂಬ ಪುಡಿ ಐಸ್ ಹಾಕಿ, ಮೇಲೆ ಸ್ವಲ್ಪ ನೀರು ಬಿಟ್ಟು, ಚೆನ್ನಾಗಿ ಕಲಕಿ, ಮೊನೆ ಅದ್ದಿ ಒಂದೆರಡು ನಿಮಿಷ ಬಿಡಿ. ಸೊನ್ನೆ ತೋರಿಸ್ಬೇಕು. 1.5 ತೋರಿಸಿದ್ರೆ ಆ ವ್ಯತ್ಯಾಸ ಅದರ ಮೇಲೇ ಮಾರ್ಕರ್‌ನಲ್ಲಿ ಬರೆದಿಡಿ. ಸೇಬಿನ ವಿಷಯದಲ್ಲಿ ಒಂದೂವರೆ ಡಿಗ್ರಿ ಸಣ್ಣ ಸಂಗತಿ ಅಲ್ಲ, ಸೊನ್ನೆಗೆ ಇಟ್ಟಿದೀನಿ ಅಂತ ನೀವು ಅಂದ್ಕೊಂಡಿರೋ ರೂಮು ಹಣ್ಣು ಹೆಪ್ಪುಗಟ್ಟೋ ಹತ್ರ ಇರಬಹುದು.

## ಹಂತ 1: ಬಾಕ್ಸ್ ಜಾತಕ ತಿಳ್ಕೊಳ್ಳಿ

ಚಾಕು ಎತ್ತೋ ಮುಂಚೆ ಮೂರು ವಿಷಯ ಬರೆದಿಡಿ: ಯಾವ ಜಾತಿ, ಯಾವಾಗ ಕೊಯ್ಲು ಆಗಿದ್ದು, ಇಲ್ಲಿವರೆಗೆ ಎಲ್ಲಿತ್ತು.

ಕೊಯ್ಲಿನ ಕಾಲ ಯಾರೂ ಹೇಳ್ದೇ ಇದ್ರೂ ಲೆಕ್ಕ ಹಾಕಬಹುದು. ಹಿಮಾಚಲದ ಮಾಲು ಜುಲೈಯಿಂದ ಅಕ್ಟೋಬರ್ ತನಕ ಮರದಿಂದ ಇಳಿಯತ್ತೆ, ಕಾಶ್ಮೀರದ ಡೆಲಿಷಿಯಸ್ ಜಾತಿ ಮುಖ್ಯವಾಗಿ ಸೆಪ್ಟೆಂಬರ್-ಅಕ್ಟೋಬರ್. ಹಾಗಿರುವಾಗ ಏಪ್ರಿಲ್‌ನಲ್ಲಿ ಯಾರಾದ್ರೂ "ಫ್ರೆಶ್ ಕಾಶ್ಮೀರ" ಅಂತ ಕೊಟ್ರೆ ಅದು ಸಿ.ಎ. ಸ್ಟೋರ್‌ನಲ್ಲಿ, ಅಂದ್ರೆ ಆಮ್ಲಜನಕ ಇಳಿಸಿ ಹಣ್ಣನ್ನ ಮಲಗಿಸಿಡೋ ರೂಮಿನಲ್ಲಿ, ಆರು ತಿಂಗಳು ಇದ್ದು ಬಂದಿರೋ ಮಾಲು. ಪುಲ್ವಾಮಾದ ಲಾಸಿಪೋರಾದಲ್ಲಿ ಇಂಥ ಸ್ಟೋರ್‌ಗಳ ಸಾಲೇ ಇದೆ. ಇದರಲ್ಲಿ ಮೋಸ ಏನಿಲ್ಲ, ಒಳ್ಳೆ ಸಿ.ಎ. ಹಣ್ಣು ಕಟುಂ ಅಂತಿರತ್ತೆ, ಆದ್ರೆ ರೂಮ್ ತೆಗೆದ ಮೇಲೆ ಅದರ ಗಡಿಯಾರ ಜೋರಾಗಿ ಓಡತ್ತೆ. ಅದಕ್ಕೇ "ರೂಮ್ ಯಾವಾಗ ಓಪನ್ ಆಯ್ತು" ಅಂತ ಕೇಳಿ, ವ್ಯಾಪಾರ ಗೊತ್ತಿರೋರಿಗೆ ಅರ್ಥ ಆಗತ್ತೆ. ಹೊರದೇಶದ ಮಾಲಿಗೂ ಇದೇ ಲೆಕ್ಕ. ವಾಷಿಂಗ್ಟನ್ ಕೊಯ್ಲು ಆಗಸ್ಟ್‌ನಿಂದ ಅಕ್ಟೋಬರ್, ನ್ಯೂಜಿಲೆಂಡ್ ಮತ್ತು ಚಿಲಿಯದ್ದು ಫೆಬ್ರವರಿಯಿಂದ ಮೇ. ಮೇ ತಿಂಗಳಲ್ಲಿ ಎರಡೂ ಪಕ್ಕಪಕ್ಕ ಇದ್ರೆ ನ್ಯೂಜಿಲೆಂಡ್‌ನ ಗಾಲಾ ಜಾತಿಗೆ ವಯಸ್ಸು ಕಮ್ಮಿ.

ದಾರಿಯಲ್ಲಿ ಕಳೆದ ದಿನವನ್ನೂ ಸೇರಿಸಿ. ಕಾಶ್ಮೀರದ ಲಾರಿ ಬರೋ ಎನ್‌ಎಚ್ 44 ಶ್ರೀನಗರದಿಂದ ನಮ್ಮ ಬೆಂಗಳೂರಿನ ಮೂಲಕವೇ ಕನ್ಯಾಕುಮಾರಿಗೆ ಹೋಗೋ ರಸ್ತೆ, ಹೊಸೂರು ರೋಡ್ ಪಕ್ಕದ ಸಿಂಗೇನ ಅಗ್ರಹಾರದ ಹಣ್ಣಿನ ಮಾರ್ಕೆಟ್‌ಗೆ ಮಾಲು ಇಳಿಯೋದೂ ಅದೇ ದಾರೀಲಿ. ರಸ್ತೆ ಒಂದೇ ಆದ್ರೂ ಮೇಲೆ ಗುಡ್ಡ ಕುಸಿದ್ರೆ ಮುಗೀತು. 2025ರ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್‌ನಲ್ಲಿ ಉಧಂಪುರದ ಹತ್ರ ಹೆದ್ದಾರಿ ಕುಸಿದು ಸಾವಿರಾರು ಲಾರಿ ನಿಂತಲ್ಲೇ ನಿಂತಿದ್ವು. ತಣ್ಣನೆ ವ್ಯವಸ್ಥೆ ಇಲ್ಲದ ಲಾರಿಯಲ್ಲಿ ಟಾರ್ಪಾಲ್ ಕೆಳಗೆ ಬೆಂದ ಹಣ್ಣನ್ನ ಆಮೇಲೆ ನೀವು ಎಷ್ಟೇ ತಣ್ಣಗಿಟ್ರೂ ಕಳೆದ ವಯಸ್ಸು ವಾಪಸ್ ಬರಲ್ಲ.

ಇನ್ನೊಂದು, ಬಾಕ್ಸ್ ಮೇಲಿನ ಕೌಂಟ್ ನೋಡಿ. ಹೊರದೇಶದ ಸುಮಾರು 18 ಕೆ.ಜಿ. ಬಾಕ್ಸ್ ಮೇಲೆ 80, 100, 113, 125 ಅಂತ ಇರತ್ತಲ್ಲ, ಅದು ಹಣ್ಣಿನ ಸಂಖ್ಯೆ. ಸಂಖ್ಯೆ ಕಮ್ಮಿ ಅಂದ್ರೆ ಹಣ್ಣು ದಪ್ಪ. ದಪ್ಪ ಹಣ್ಣಲ್ಲಿ ತೂಕಕ್ಕೆ ತಕ್ಕ ಕ್ಯಾಲ್ಸಿಯಂ ಇರಲ್ಲ, ಬೇಗ ಒಳಗೆ ಕುಸಿಯತ್ತೆ. ಜಾಸ್ತಿ ದಿನ ಇಡ್ಬೇಕಂದ್ರೆ ದಪ್ಪ ಹಣ್ಣಿನ ಆಸೆ ಬಿಡಿ.

## ಹಂತ 2: ಸ್ಯಾಂಪಲ್ ಸರಿಯಾಗಿ ತೆಗೀರಿ

ಮೇಲಿನ ಲೇಯರ್‌ನಿಂದ ಎರಡು ಎತ್ತಿ ಕೊಯ್ದು "ಮಾಲು ಚೆನ್ನಾಗಿದೆ" ಅನ್ನೋದು ಸಾಕಷ್ಟು ಜನ ಮಾಡೋ ತಪ್ಪು. ಮೇಲೆ, ಮಧ್ಯ, ತಳ, ಮೂಲೆ, ಎಲ್ಲಾ ಕಡೆಯಿಂದ ಒಟ್ಟು ಹತ್ತು ಹಣ್ಣು ತೆಗೀರಿ, ಅದರಲ್ಲಿ ದಪ್ಪದ್ದೂ ಸಣ್ಣದ್ದೂ ಇರಲಿ. ಎಲ್ಲಿಂದ ತೆಗೆದಿದ್ದು ಅಂತ ಸಿಪ್ಪೆ ಮೇಲೆ ಬರೀರಿ. ಮೂಲೆಯಲ್ಲಿ ಮಾತ್ರ ಕೆಟ್ಟಿದ್ರೆ ಅದು ಪೆಟ್ಟೋ ಹಿಮವೋ ಇರಬಹುದು, ಎಲ್ಲಾ ಕಡೆ ಇದ್ರೆ ಮಾಲೇ ಹಾಗೆ.

ಕೊಯ್ಯೋ ಮುಂಚೆ ಹೂವಿನ ಕಡೆ, ಅಂದ್ರೆ ಕೆಳಗಿನ ಗುಳಿ ಹತ್ರ ಮೂಸಿ. ಹೆಂಡದ ವಾಸನೆ ಬಂದ್ರೆ ಒಳಗೆ ಉಸಿರು ಕಟ್ಟಿದೆ ಅಂತ. ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ, ಎಲ್ಲಿ ಮೆತ್ತಗಿದೆ ನೋಡಿ. ಸಿಪ್ಪೆ ಬಣ್ಣ ಮಂಕಾಗಿ ಒಳಗಿಂದ ಕಂದು ನೆರಳು ಕಾಣ್ತಿದ್ರೆ ಕೊಯ್ಯದೆನೇ ಗೊತ್ತಾಗತ್ತೆ. ಆದ್ರೆ ಒಳ ಕಂದಿನ ಬಹಳಷ್ಟು ಹಣ್ಣುಗಳು ಹೊರಗೆ ಏನೂ ತೋರಿಸಲ್ಲ, ಗಟ್ಟಿಯಾಗೇ ಇರ್ತವೆ. ಮಾಗಿಸೋ ಎಥಿಲೀನ್ ಕೆಲಸ ಮಾಡ್ದಂಗೆ ತಡೆಯೋ 1-ಎಂಸಿಪಿ ಕೊಟ್ಟ ಹಣ್ಣಲ್ಲಂತೂ ಹೊರಗಿನ ಗಟ್ಟಿತನ ನಂಬಲೇಬೇಡಿ.

ಹತ್ತರಲ್ಲಿ ಐದನ್ನ ಈಗ ಕೊಯ್ಯಿರಿ, ಉಳಿದ ಐದನ್ನ ಒಂದು ವಾರ ಮನೆಯ ನೆರಳಲ್ಲಿ ಹಾಗೇ ಬಿಡಿ. ತಣ್ಣಗಿರುವಾಗ ಅಡಗಿರೋ ಕಂದು ಹೊರಗೆ ಬಂದ ಮೇಲೆ ಕಾಣಿಸ್ಕೊಳ್ಳೋದು ಮಾಮೂಲು. "ಮಂಡೀಲಿ ಕೊಯ್ದಾಗ ಬಿಳಿ ಇತ್ತು ಸರ್, ಗಿರಾಕಿ ಮನೇಲಿ ಕಂದಂತೆ" ಅನ್ನೋ ದೂರಿನ ಅರ್ಧ ಪಾಲು ಇದೇ.

## ಹಂತ 3: ಅಡ್ಡ ಕೊಯ್ಯಿರಿ, ತಕ್ಷಣ ನೋಡಿ

ತೊಟ್ಟಿನಿಂದ ಕೆಳಗೆ ಉದ್ದಕ್ಕೆ ಸೀಳಬೇಡಿ. ಹೊಟ್ಟೆ ಭಾಗದಲ್ಲಿ ಅಡ್ಡ ಕೊಯ್ಯಿರಿ, ಬೀಜದ ಗೂಡು ನಕ್ಷತ್ರದ ಆಕಾರದಲ್ಲಿ ಕಾಣಬೇಕು. ಆಮೇಲೆ ತೊಟ್ಟಿನ ಹತ್ರ ಒಂದು ಹೋಳು, ಹೂವಿನ ಕಡೆ ಇನ್ನೊಂದು. ಕೆಲವು ಕಂದು ತೊಟ್ಟಿನ ಕಡೆ ಮಾತ್ರ ಇರತ್ತೆ (ತುಂಬ ದಿನ ಇಟ್ಟ ಗಾಲಾದಲ್ಲಿ ಇದು ಮಾಮೂಲು), ಹೊಟ್ಟೆ ಮಾತ್ರ ಕೊಯ್ದ್ರೆ ಪೂರ್ತಿ ತಪ್ಪಿಹೋಗತ್ತೆ.

ಕೊಯ್ದ ಅರ್ಧ ನಿಮಿಷದೊಳಗೆ ಫೋಟೋ ತೆಗೀರಿ. ಫೋನ್ ಹುಡುಕಿ ಬರೋಷ್ಟರಲ್ಲಿ ಗಾಳಿಗೆ ಕಂದಾಗಿರತ್ತೆ, ಆಮೇಲೆ ಯಾವುದು ಹಳೇ ಕಂದು ಯಾವುದು ಹೊಸದು ಅಂತ ಗೊತ್ತಾಗಲ್ಲ. ಡೌಟ್ ಬಂದ್ರೆ ಒಂದು ಸುಲಭದ ಪರೀಕ್ಷೆ: ಕೊಯ್ದ ಮುಖದಿಂದ ಅಕ್ಕಿಕಾಳಿನ ದಪ್ಪದ ಒಂದು ಪದರ ತೆಗೆದುಬಿಡಿ. ಕೆಳಗೆ ಬಿಳಿ ತಿರುಳು ಬಂದ್ರೆ ಅದು ಬರೀ ಗಾಳಿ ತಾಗಿದ ಕಂದು, ರೋಗ ಅಲ್ಲ. ಅದೇ ಜಾಗದಲ್ಲಿ ಅದೇ ಆಕಾರದ ಕಂದು ಮತ್ತೆ ಕಂಡ್ರೆ ಮುಂದಿನ ಹಂತಕ್ಕೆ ಬನ್ನಿ.

## ಹಂತ 4: ಆಕಾರ ಓದಿ

ಇದೇ ಮುಖ್ಯ ಕೆಲಸ, ಅವಸರ ಬೇಡ. ಸಿಪ್ಪೆ ಕಡೆಯಿಂದ ಒಳಕ್ಕೆ ನೋಡ್ತಾ ಹೋಗಿ.

ಸಿಪ್ಪೆ ಕೆಳಗಿಂದಲೇ ಶುರು, ತಿರುಳು ಒಣಗಿ ರವೆ ರವೆ. ಇದು ವಯಸ್ಸಾದ ಕಂದು. ಸಾಮಾನ್ಯವಾಗಿ ಹೂವಿನ ಕಡೆ ಮೊದಲು, ದಪ್ಪ ಹಣ್ಣಲ್ಲಿ ಮೊದಲು. ಒತ್ತಿದ್ರೆ ಮೆತ್ತಗೆ, ಜಾಸ್ತಿ ಆದಾಗ ಸಿಪ್ಪೆ ಬಿರಿಯತ್ತೆ. ಮರದಲ್ಲೇ ಜಾಸ್ತಿ ಹಣ್ಣಾಗಿದ್ದು, ಕೊಯ್ದ ಮೇಲೆ ತಣ್ಣಗೆ ಮಾಡಕ್ಕೆ ತಡ ಆಗಿದ್ದು, ಕ್ಯಾಲ್ಸಿಯಂ ಕಮ್ಮಿ ಇದ್ದಿದ್ದು, ಇಲ್ಲಾ ಸುಮ್ನೆ ಇಟ್ಟಿದ್ದು ಜಾಸ್ತಿ ಆಗಿದ್ದು ಕಾರಣ. ಟೆಂಪರೇಚರ್ ಇಳಿಸಿದ್ರೆ ಉಪಯೋಗ ಇರೋ ಕಂದು ಇದೊಂದೇ, ಅದೂ ಇನ್ನೂ ಕೆಡದ ಹಣ್ಣಿಗೆ ಮಾತ್ರ.

ಸಿಪ್ಪೆ ಕೆಳಗೆ ತೆಳುವಾದ ಬಿಳಿ ಅಂಚು, ಅದರ ಒಳಗೆ ಕಂದಿನ ಬಳೆ, ತಿರುಳು ಒದ್ದೆ ಒದ್ದೆ. ಇದು ತಣ್ಣನೆಯ ಗಾಯ. ಹೆಪ್ಪುಗಟ್ಟಿಲ್ಲ, ಆದ್ರೆ ಆ ಜಾತಿ ತಡ್ಕೊಳ್ಳೋದಕ್ಕಿಂತ ತಣ್ಣಗೆ ವಾರಗಟ್ಟಲೆ ಇತ್ತು. ತಿರುಳಲ್ಲಿ ಹರಿಯೋ ನಾಳಗಳು ಕಂದು ಚುಕ್ಕೆಗಳಾಗಿ ಎದ್ದು ಕಾಣ್ತವೆ. ಹೊರಗಿನ ಬಿಳಿ ಅಂಚನ್ನ ಮೊದಲು ನೋಡಿ, ಮೇಲಿನದಕ್ಕೂ ಇದಕ್ಕೂ ಅದೇ ಗಡಿ. ಇಲ್ಲೇ ಜನ ತಪ್ಪು ಮಾಡಿ ರೂಮನ್ನ ಇನ್ನೂ ಇಳಿಸೋದು.

ಕಂದು ಇದೆ, ಆದ್ರೆ ತಿರುಳು ಗಟ್ಟಿ, ಮಧ್ಯೆ ಮಧ್ಯೆ ಒಣ ಗುಳಿ. ಕಾರ್ಬನ್ ಡೈಆಕ್ಸೈಡ್ ಗಾಯ. ಕಂದಿಗೂ ಬಿಳಿಗೂ ಗೆರೆ ಎಳೆದ ಹಾಗೆ ಗಡಿ ಇರತ್ತೆ, ಬೀಜದ ಗೂಡಿನ ಸುತ್ತ ಜಾಸ್ತಿ. ಚಾಕುವಿನ ಮೊನೆ ಗುಳಿಯೊಳಗೆ ಹಾಕಿದ್ರೆ ಗೋಡೆ ಒಣಗಿರೋದು ಗೊತ್ತಾಗತ್ತೆ. ಫ್ಯೂಜಿ, ಬ್ರೇಬರ್ನ್ ಇದಕ್ಕೆ ಬಹಳ ಸೂಕ್ಷ್ಮ, ಫ್ಯೂಜಿಗೆ ಕಾರ್ಬನ್ ಡೈಆಕ್ಸೈಡನ್ನ ಶೇ. 0.5ರ ಕೆಳಗೇ ಇಡ್ಬೇಕು. 1-ಎಂಸಿಪಿ ಕೊಟ್ಟ ಹಣ್ಣಲ್ಲಿ ಕೆಲವು ಜಾತಿಗೆ ಈ ಗಾಯ ಇನ್ನೂ ಸುಲಭವಾಗಿ ಆಗತ್ತೆ. ಸಿ.ಎ. ರೂಮಿನಲ್ಲೇ ಆಗಬೇಕು ಅಂತಿಲ್ಲ, ಗಾಳಿ ಆಡದ ಸಣ್ಣ ಕೋಲ್ಡ್ ರೂಮ್, ಬಾಯಿ ಬಿಗಿದ ಪ್ಲಾಸ್ಟಿಕ್ ಲೈನರ್ ಸಾಕು.

ಬೀಜದ ಗೂಡಿನ ಸುತ್ತ ಮಾತ್ರ ಗುಲಾಬಿ-ಕಂದು. ಉಳಿದ ತಿರುಳು ಚೆನ್ನಾಗೇ ಇರತ್ತೆ. ಬಲಿಯದೇ ಕೊಯ್ದಿದ್ದು ಅಥವಾ ತಣ್ಣಗೆ ಜಾಸ್ತಿ ಕಾಲ ಇಟ್ಟಿದ್ದು. ಗ್ರಾನಿ ಸ್ಮಿತ್‌ನಲ್ಲಿ ಕಾಣ್ತೀವಿ. ಗೂಡು ತೆಗೆದು ತಿನ್ನಬಹುದು, ತಲೆಕೆಡಿಸ್ಕೊಳ್ಳೋ ಅಂಥದ್ದಲ್ಲ.

ಗಾಜಿನ ಹಾಗೆ ಪಾರದರ್ಶಕ ತೇಪೆ. ಇದು ವಾಟರ್‌ಕೋರ್, ಮರದಲ್ಲೇ ಆಗೋದು. ಸಕ್ಕರೆ ಜಾತಿಯ ಸಾರ್ಬಿಟಾಲ್ ಸೇರಿದ ನೀರು ಕೋಶಗಳ ಸಂದಿಯಲ್ಲಿ ತುಂಬ್ಕೊಂಡಿರತ್ತೆ. ಜಪಾನ್‌ನಲ್ಲಿ ಫ್ಯೂಜಿ ಒಳಗೆ ಇದು ಕಂಡ್ರೆ ಜೇನು ಅಂತ ಕೇಳಿ ತಗೋತಾರೆ, ತಾಜಾ ತಿಂದ್ರೆ ರುಚಿ ನಿಜ. ಡೆಲಿಷಿಯಸ್‌ನಲ್ಲೂ ಮಾಮೂಲು. ಸ್ವಲ್ಪ ಇದ್ರೆ ಸ್ಟೋರೇಜ್‌ನಲ್ಲಿ ತಾನೇ ಕರಗತ್ತೆ, ಜಾಸ್ತಿ ಇದ್ರೆ ಆ ಜಾಗಕ್ಕೆ ಗಾಳಿ ಹೋಗದೆ ಹೆಂಡದ ವಾಸನೆ ಬಂದು ಆಮೇಲೆ ಕಂದಾಗಿ ಕುಸಿಯತ್ತೆ. ಇಂಥ ಬಾಕ್ಸನ್ನ ಇಡೋ ಯೋಚನೆ ಬೇಡ, ಬೇಗ ಮಾರಿ.

ಇಡೀ ತಿರುಳು ನೀರು ನೀರು, ಒತ್ತಿದ್ರೆ ರಸ ಒಸರತ್ತೆ. ಹೆಪ್ಪುಗಟ್ಟಿ ಕರಗಿದ ಹಣ್ಣು. ಸೇಬು ಸುಮಾರು ಮೈನಸ್ 1.5ರಿಂದ 2 ಡಿಗ್ರಿ ಹತ್ರ ಹೆಪ್ಪುಗಟ್ಟತ್ತೆ. ಕೂಲರ್‌ನ ಗಾಳಿ ನೇರ ಹೊಡೆಯೋ ಬಾಕ್ಸ್‌ಗಳು, ಫ್ರಿಜ್‌ನ ಹಿಂದಿನ ಗೋಡೆಗೆ ಅಂಟಿದ ಹಣ್ಣುಗಳು.

ಇನ್ನು ಮೂರು ಇವುಗಳ ಜೊತೆ ಗೊಂದಲ ಮಾಡ್ತವೆ. ಒಂದೇ ಕಡೆ ಸಿಪ್ಪೆ ಕೆಳಗೆ ಗುಂಡಗೆ ಕಂದಿದ್ರೆ ಅದು ಪೆಟ್ಟು, ಲಾರಿ ಲೋಡಿಂಗ್ ಕೇಳಿ. ಸಿಪ್ಪೆ ಕೆಳಗೆ ಅಲ್ಲಲ್ಲಿ ಕಾಳಿನಷ್ಟು ಒಣ ಕಂದು ಚುಕ್ಕೆ, ತಿಂದ್ರೆ ಕಹಿ ಅಂದ್ರೆ ಬಿಟರ್ ಪಿಟ್, ಕ್ಯಾಲ್ಸಿಯಂ ಕೊರತೆ. ಬೀಜದ ಗೂಡಿನೊಳಗೆ ಬೂದು-ಕಪ್ಪು ನೂಲು ನೂಲಾಗಿ ಇದ್ರೆ ಅದು ಬೂಷ್ಟು, ಡೆಲಿಷಿಯಸ್ ಜಾತಿಗಳಲ್ಲಿ ಹೂವಿನ ಕಡೆಯಿಂದ ಗೂಡಿಗೆ ದಾರಿ ತೆರೆದಿರೋದ್ರಿಂದ ಅಲ್ಲಿ ಜಾಸ್ತಿ. ಬೂಷ್ಟಿನ ವಿಷಯ ಬೇರೆ, ಹಂತ 6ರಲ್ಲಿ ಹೇಳ್ತೀನಿ.

ಒಂದೇ ಹಣ್ಣಲ್ಲಿ ಎರಡು ಕಾಯಿಲೆ ಇರಬಹುದು, ಕೊಯ್ದ ಐದೂ ಹಣ್ಣಲ್ಲಿ ಯಾವ ಆಕಾರ ಜಾಸ್ತಿ ಸಲ ಬಂತೋ ಅದನ್ನ ಹಿಡೀರಿ. ಪೂರ್ತಿ ಕಂದಾದ ಹಣ್ಣು ಇಟ್ಕೊಂಡು ತಲೆ ಕೆರ್ಕೊಳ್ಳೋದು ವ್ಯರ್ಥ, ಎಲ್ಲಾ ಕಾಯಿಲೆಗಳೂ ಕೊನೆಗೆ ಒಂದೇ ಥರ ಕಾಣ್ತವೆ. ಶುರುವಿನ ಹಂತದಲ್ಲಿರೋ ಹಣ್ಣೇ ಸರಿಯಾದ ಸಾಕ್ಷಿ.

## ಹಂತ 5: ಈಗ ರೂಮ್ ಅಥವಾ ಫ್ರಿಜ್ ಮುಟ್ಟಿ

ಮೊದಲು ಹಣ್ಣಿನ ಟೆಂಪರೇಚರ್ ನೋಡಿ, ಗಾಳಿಯದ್ದಲ್ಲ. ಬಾಗಿಲ ಮೇಲಿನ ಡಿಸ್‌ಪ್ಲೇ ತೋರಿಸೋದು ಸೆನ್ಸಾರ್ ಇರೋ ಜಾಗದ ಗಾಳಿ. ಒಂದು ಹಣ್ಣನ್ನ ಬಲಿ ಕೊಟ್ಟು ಥರ್ಮಾಮೀಟರ್ ಮೊನೆಯನ್ನ ಗೂಡಿನ ತನಕ ಚುಚ್ಚಿ ನೋಡಿ. ಕೂಲರ್ ಮುಂದಿನ ಬಾಕ್ಸ್, ಮಧ್ಯದ್ದು, ಬಾಗಿಲ ಹತ್ರದ್ದು, ಮೂರೂ ಕಡೆ ಅಳೀರಿ. ಎರಡು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ಸಮಸ್ಯೆ ಸೆಟ್ಟಿಂಗ್‌ನಲ್ಲಿಲ್ಲ, ಜೋಡಿಸಿರೋ ರೀತಿಯಲ್ಲಿದೆ. ಗೋಡೆಯಿಂದ ಒಂದು ಗೇಣು ಬಿಡಿ, ನೆಲಕ್ಕೆ ಪ್ಯಾಲೆಟ್ ಹಾಕಿ, ಸಾಲುಗಳ ಮಧ್ಯೆ ಗಾಳಿ ಹೋಗೋ ಸಂದಿ ಇರಲಿ.

ಡೆಲಿಷಿಯಸ್, ಗಾಲಾ, ಫ್ಯೂಜಿ, ಗ್ರಾನಿ ಸ್ಮಿತ್‌ಗೆ 0ಯಿಂದ 1 ಡಿಗ್ರಿ, ತೇವಾಂಶ ಶೇ. 90ರಿಂದ 95. ಪಿಂಕ್ ಲೇಡಿ, ಬ್ರೇಬರ್ನ್‌ಗೆ 1ರ ಕೆಳಗೆ ಹೋಗಬೇಡಿ. ಹನಿಕ್ರಿಸ್ಪ್ ಇದ್ರೆ 3. ಎಲ್ಲಾ ಜಾತಿ ಒಂದೇ ರೂಮಲ್ಲಿ ತುಂಬಿದ್ರೆ ಸೂಕ್ಷ್ಮದ್ದನ್ನ ಬಾಗಿಲ ಕಡೆ ಇಡಿ.

ತಣ್ಣನೆಯ ಗಾಯ ಅಂತ ಗೊತ್ತಾದ್ರೆ ಒಂದೆರಡು ಡಿಗ್ರಿ ಏರಿಸಿ, ಇಡೋ ದಿನ ಕಮ್ಮಿ ಮಾಡಿ. ಕಾರ್ಬನ್ ಡೈಆಕ್ಸೈಡ್ ಅಂದ್ರೆ ಲೈನರ್ ಬಿಚ್ಚಿ, ರೂಮಿಗೆ ದಿನಾ ಬೆಳಿಗ್ಗೆ ತಣ್ಣನೆ ಹೊತ್ತಲ್ಲಿ ಹೊಸ ಗಾಳಿ ಬಿಡಿ. ಹೆಪ್ಪುಗಟ್ಟಿದ್ರೆ ಒಂದು ಮಾತು ನೆನಪಿರಲಿ, ಕಲ್ಲಿನಂತಾಗಿರೋ ಹಣ್ಣನ್ನ ಮುಟ್ಟಬೇಡಿ, ಬಾಕ್ಸ್ ಎತ್ತಬೇಡಿ. ರೂಮನ್ನ 3-4 ಡಿಗ್ರಿಗೆ ತಂದು ನಿಧಾನ ಕರಗಲು ಬಿಡಿ. ಲಘುವಾಗಿ ಹೆಪ್ಪುಗಟ್ಟಿದ್ದು ಹೀಗೆ ಉಳಿಯತ್ತೆ, ಅವಸರಪಟ್ಟು ಎತ್ತಾಡಿದ್ರೆ ಬೆರಳು ಬಿದ್ದ ಜಾಗವೆಲ್ಲ ಕಂದು.

ಜೀವದ ಎಚ್ಚರಿಕೆ: ಸಿ.ಎ. ರೂಮಿನಲ್ಲಿ ಆಮ್ಲಜನಕ ಶೇ. 1ರಿಂದ 3 ಅಷ್ಟೇ ಇರತ್ತೆ, ಹೊರಗಿನ ಗಾಳಿಯಲ್ಲಿ ಸುಮಾರು 21. ಸ್ಯಾಂಪಲ್ ತರೋಣ ಅಂತ ಬಾಗಿಲು ತೆಗೆದು ತಲೆ ಒಳಗೆ ಹಾಕಿದ್ರೂ ಪ್ರಜ್ಞೆ ತಪ್ಪಬಹುದು, ಬಿದ್ದವರನ್ನ ಎಳೆಯಕ್ಕೆ ಓಡಿದವರೂ ಬೀಳ್ತಾರೆ. ಪೂರ್ತಿ ಗಾಳಿ ಬಿಟ್ಟು ಮೀಟರ್‌ನಲ್ಲಿ ಅಳೆಯೋವರೆಗೆ ಯಾರೂ ಒಳಗೆ ಹೋಗೋ ಹಾಗಿಲ್ಲ.

ಮನೆ ಫ್ರಿಜ್‌ಗೆ ಇಷ್ಟೆಲ್ಲ ಬೇಡ. ತರಕಾರಿ ಡ್ರಾಯರ್‌ನಲ್ಲಿ, ಎರಡು ಮೂರು ತೂತು ಮಾಡಿದ ಕವರ್‌ನಲ್ಲಿ ಇಡಿ. ಕವರ್‌ಗೆ ಗಂಟು ಹಾಕಬೇಡಿ. ಸೊಪ್ಪು, ಸೌತೆಕಾಯಿ, ಕ್ಯಾರೆಟ್ ಜೊತೆ ಬೇಡ, ಸೇಬು ಬಿಡೋ ಎಥಿಲೀನ್‌ಗೆ ಸೊಪ್ಪು ಹಳದಿ ಆಗತ್ತೆ, ಕ್ಯಾರೆಟ್ ಕಹಿ ಆಗತ್ತೆ. ತೊಳೆದು ಒದ್ದೆ ಇಡೋದು ಬೇಡ, ತಿನ್ನೋ ಮುಂಚೆ ತೊಳೀರಿ ಸಾಕು.

## ಹಂತ 6: ಬಾಕ್ಸ್ ವಿಂಗಡಿಸಿ

ನನ್ನ ಲೆಕ್ಕ ಒರಟು, ಆದ್ರೆ ಕೆಲಸಕ್ಕೆ ಬರತ್ತೆ. ಹತ್ತು ಸ್ಯಾಂಪಲ್‌ನಲ್ಲಿ ಒಂದು ಕಂದು ಅಂದ್ರೆ ಇಡೋ ಪ್ಲಾನ್ ಬಿಟ್ಟು ಆ ವಾರವೇ ಖಾಲಿ ಮಾಡಿ. ಎರಡು ಮೂರಾದ್ರೆ ಇಡಿಯಾಗಿ ಮಾರಬೇಡಿ, ಜ್ಯೂಸ್ ಅಂಗಡಿಗೋ ಫ್ರೂಟ್ ಸಲಾಡ್ ಮಾಡೋರಿಗೋ ವಿಷಯ ಹೇಳಿಯೇ ಕೊಡಿ, ಅವರು ಹೇಗೂ ಕೊಯ್ದು ನೋಡ್ತಾರೆ. ಅದಕ್ಕಿಂತ ಜಾಸ್ತಿ ಅಂದ್ರೆ ವಾಪಸ್ ಮಾತಾಡೋ ಮಾಲು.

ಇಲ್ಲಿವರೆಗೆ ಹೇಳಿದ ವಯಸ್ಸಿನ ಕಂದು, ತಣ್ಣನೆ ಕಂದು, ಗಾಳಿಯ ಕಂದು ಯಾವುದೂ ವಿಷ ಅಲ್ಲ. ರುಚಿ ಸಪ್ಪೆ, ಅಷ್ಟೇ. ಕಂದು ಭಾಗ ತೆಗೆದು ಉಳಿದಿದ್ದನ್ನ ಜಾಮ್‌ಗೋ ಹಲ್ವಾಗೋ ಹಾಕಬಹುದು. ಬೂಷ್ಟು ಮಾತ್ರ ಬೇರೆ. ನೀಲಿ ಬೂಷ್ಟು ಪ್ಯಾಟುಲಿನ್ ಅನ್ನೋ ವಿಷ ಬಿಡತ್ತೆ, ಅದು ಕಾಯಿಸಿದ್ರೂ ಸುಲಭಕ್ಕೆ ಹೋಗಲ್ಲ, ನಮ್ಮ ಆಹಾರ ಸುರಕ್ಷತಾ ನಿಯಮದಲ್ಲಿ ಸೇಬಿನ ಜ್ಯೂಸ್‌ಗೆ ಕೆ.ಜಿ.ಗೆ 50 ಮೈಕ್ರೋಗ್ರಾಂ ಅಂತ ಮಿತಿ ಇರೋದೇ ಅದಕ್ಕೆ. ಗೂಡಿನಲ್ಲಿ ಬೂಷ್ಟು ಕಂಡ ಹಣ್ಣನ್ನ ಕೆತ್ತಿ ಉಳಿಸೋ ಜಿಪುಣತನ ಬೇಡ, ಮಕ್ಕಳ ಜ್ಯೂಸ್‌ಗಂತೂ ಬೇಡವೇ ಬೇಡ.

ವಾಪಸ್ ಮಾತಾಡಕ್ಕೆ ಹೋಗೋದಿದ್ರೆ ಬಾಕ್ಸ್ ಲೇಬಲ್ ಮತ್ತು ಕೊಯ್ದ ಹೋಳು ಒಂದೇ ಫೋಟೋದಲ್ಲಿ ಇರಲಿ, ಮಾಲು ಇಳಿದ ದಿನವೇ ಕಳಿಸಿ. ವಾರ ಬಿಟ್ಟು ಹೇಳಿದ್ರೆ "ನಿಮ್ಮ ರೂಮಲ್ಲೇ ಕೆಟ್ಟಿದ್ದು" ಅನ್ನೋ ಮಾತಿಗೆ ಉತ್ತರ ಇರಲ್ಲ. ಬಳೆ ಆಕಾರದ ತಣ್ಣನೆ ಗಾಯ ಒಂದೆರಡು ದಿನದಲ್ಲಿ ಆಗೋದಲ್ಲ, ಮಾಲು ಇಳಿದ ದಿನವೇ ಅದು ಇತ್ತು ಅಂದ್ರೆ ಎಲ್ಲಾಯ್ತು ಅಂತ ಫೋಟೋನೇ ಹೇಳತ್ತೆ.

## ಹಂತ 7: ನಮ್ಮ ಕಡೆ ಸೇಬು ಬೆಳೀತಿರೋರಿಗೆ

ಅನ್ನಾ, ಡಾರ್ಸೆಟ್ ಗೋಲ್ಡನ್, ಹಿಮಾಚಲದ ಬಿಲಾಸ್‌ಪುರದ ರೈತ ಹರಿಮನ್ ಶರ್ಮಾ ಅವರ ಎಚ್‌ಆರ್‌ಎಂಎನ್-99, ಚಳಿ ಕಮ್ಮಿ ಸಾಕಾಗೋ ಈ ಜಾತಿಗಳನ್ನ ಹಾಕಿದವರು ಇದನ್ನ ಓದಿ. ಇವು ಕಾಶ್ಮೀರದ ಡೆಲಿಷಿಯಸ್ ಥರ ಅರ್ಧ ವರ್ಷ ಕೂರೋ ಹಣ್ಣಲ್ಲ, ಬಣ್ಣ ಪೂರ್ತಿ ಬರಲಿ ಅಂತ ಕಾದ್ರೆ ವಯಸ್ಸಿನ ಕಂದು ಮರದಿಂದಲೇ ಶುರು.

ಕೊಯ್ಲಿನ ದಿನ ತಿಳಿಯಕ್ಕೆ ಅಯೋಡಿನ್ ಪರೀಕ್ಷೆ ಮಾಡಿ. ಹಣ್ಣನ್ನ ಅಡ್ಡ ಕೊಯ್ದು ಮೆಡಿಕಲ್ ಶಾಪಿನ ಟಿಂಚರ್ ಅಯೋಡಿನ್ ಸವರಿ ಒಂದು ನಿಮಿಷ ಬಿಡಿ. ಪಿಷ್ಟ ಇರೋ ಕಡೆ ಕಡುನೀಲಿ-ಕಪ್ಪು ಆಗತ್ತೆ, ಸಕ್ಕರೆ ಆಗಿರೋ ಕಡೆ ಹಾಗೇ ಉಳಿಯತ್ತೆ. ಪೂರ್ತಿ ಕಪ್ಪು ಅಂದ್ರೆ ಇನ್ನೂ ಎಳಸು. ಗೂಡಿನ ಸುತ್ತ ತಿಳಿಯಾಗಿ ಹೊರಗಿನ ತಿರುಳಲ್ಲಿ ಕಪ್ಪು ಇದ್ರೆ ಕೆಲವು ವಾರ ಇಡೋದಕ್ಕೆ ಸರಿಯಾದ ಹೊತ್ತು. ಎಲ್ಲೂ ಕಪ್ಪಾಗಲಿಲ್ಲ ಅಂದ್ರೆ ಇಡೋ ಮಾತೇ ಬೇಡ, ಅವತ್ತೇ ಮಾರಿ. ಅಯೋಡಿನ್ ಹಚ್ಚಿದ ಹೋಳು ತಿನ್ನೋ ಹಾಗಿಲ್ಲ, ದನಕ್ಕೂ ಹಾಕಬೇಡಿ. ಕೊಯ್ಲು ಬೆಳಿಗ್ಗೆ ಬಿಸಿಲೇರೋ ಮುಂಚೆ ಮುಗಿಸಿ, ಕ್ರೇಟ್ ನೆರಳಲ್ಲಿಡಿ, ಸಾಯಂಕಾಲದೊಳಗೆ ತಣ್ಣನೆ ಜಾಗಕ್ಕೆ ಹೋಗಲಿ.